ಸುಮ್ಮನಿದ್ದದ್ದು ಸಮಚಿತ್ತವೋ, ಹೆದರಿಕೆಯೋ?

ಮೌನಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿನ ಚರ್ಚೆಗಳನ್ನು ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನಾನು 11 ವರ್ಷದಿಂದ ದುಡಿಯುತ್ತಿರುವ ಕಡೆ ನನಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಯಾಕೆ ಎಂದು ನಾನು ಕೇಳಲಿಲ್ಲ. ಮನೆಗೆ ಬಂದು "ಫಲ ನನ್ನ ಕೈಯಲ್ಲಿಲ್ಲ" ಎಂದು ನನಗೆ ನಾನೇ ಹೇಳಿಕೊಂಡೆ. ದೊಡ್ಡಪ್ಪನೂ ಅದನ್ನೇ ಹೇಳಿದರು. "ಪಾಲಿಗೆ ಬಂದದ್ದು ಪಂಚಾಮೃತ ಅಂದ್ಕೋ ಮಗಾ, ಸಮಚಿತ್ತದಿಂದ ಇರು" ಎಂದರು. ಸರಿ ಅನ್ನಿಸಿತು.

ರಾತ್ರಿ ಹೆಂಡತಿ ಒಂದೇ ಮಾತು ಕೇಳಿದಳು. "ನಿಮಗೆ ನಿಜವಾಗಲೂ ಸಮಾಧಾನ ಇದೆಯಾ, ಅಥವಾ ಕೇಳೋಕೆ ಹೆದರಿಕೆಯಾ?"

ಮೂರು ವಾರ ಆಯಿತು. ಆ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಸಮಚಿತ್ತ ಇರುವವನೂ ಸುಮ್ಮನಿರುತ್ತಾನೆ, ಹೆದರಿದವನೂ ಸುಮ್ಮನಿರುತ್ತಾನೆ. ಒಳಗಿನಿಂದ ಗುರುತು ಹಿಡಿಯುವುದು ಹೇಗೆ?

ಇನ್ನೊಂದು ಪ್ರಶ್ನೆಯೂ ಇದೆ. ಎಲ್ಲವೂ ಪ್ರಾರಬ್ಧ, ಎಲ್ಲವೂ ದೇವರ ಇಚ್ಛೆ ಎಂದಾದರೆ, ಕೇಳಬೇಕೋ ಬಿಡಬೇಕೋ ಎಂದು ನಾನು ಆರಿಸಿಕೊಳ್ಳುವುದಕ್ಕೆ ಏನು ಉಳಿದಿದೆ? ತಿಳಿದವರು ಹೇಳಿ.

ಹಳೇ ಓದುಗ

ಮೌನಿ ಅವರೇ, ನಿಮ್ಮ ಮನೆಯವರು ಕೇಳಿದ್ದು ಗೀತೆಯ ಒಳಗಿನ ಪ್ರಶ್ನೆಯೇ. ಅರ್ಜುನನ ಕಥೆ ಶುರುವಾಗುವುದೇ ಅಲ್ಲಿಂದ. ಮೊದಲನೇ ಅಧ್ಯಾಯದಲ್ಲಿ ಅವನೂ "ನನಗೆ ಗೆಲುವು ಬೇಡ, ರಾಜ್ಯ ಬೇಡ, ಸುಖ ಬೇಡ" ಎನ್ನುತ್ತಾನೆ. ಆ ಮಾತನ್ನು ಮಾತ್ರ ಬಿಡಿಸಿ ತೆಗೆದರೆ ಥೇಟ್ ವೈರಾಗಿಯ ಮಾತು. ಆದರೆ ಆಗ ಅವನ ಮೈ ನಡುಗುತ್ತಿದೆ, ಬಾಯಿ ಒಣಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ. ಕೃಷ್ಣ ಅದನ್ನು ವೈರಾಗ್ಯ ಎಂದು ಒಪ್ಪುವುದಿಲ್ಲ. "ಹೃದಯದ ಕ್ಷುದ್ರ ದೌರ್ಬಲ್ಯ" ಎಂದು ಹೆಸರಿಟ್ಟು ಕರೆಯುತ್ತಾನೆ (2.3, ಅಂದರೆ ಎರಡನೇ ಅಧ್ಯಾಯದ ಮೂರನೇ ಶ್ಲೋಕ).

ಗುರುತು ಹಿಡಿಯುವುದು ಹೇಗೆ ಎಂದಿರಿ. ಎರಡು ಕಡೆ ನೇರವಾಗಿಯೇ ಹೇಳಿದೆ. ಒಂದು, 3.6. ಕೈಕಾಲು ಕಟ್ಟಿ ಕುಳಿತು, ಮನಸ್ಸಿನಲ್ಲಿ ಅದನ್ನೇ ಮೆಲುಕು ಹಾಕುವವನನ್ನು ಗೀತೆ 'ಮಿಥ್ಯಾಚಾರ', ಸುಳ್ಳು ನಡತೆಯವನು ಎನ್ನುತ್ತದೆ. ಇನ್ನೊಂದು, 18.8. ಕಷ್ಟ ಆಗುತ್ತದೆ, ಮೈಗೆ ತೊಂದರೆ ಆಗುತ್ತದೆ ಎಂಬ ಭಯಕ್ಕೆ ಮಾಡಬೇಕಾದ್ದನ್ನು ಬಿಟ್ಟರೆ ಅದು ರಾಜಸ ತ್ಯಾಗ. ಅಂಥವನಿಗೆ ತ್ಯಾಗದ ಫಲ ಸಿಗುವುದಿಲ್ಲ ಎಂದೂ ಅಲ್ಲೇ ಇದೆ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ. ಈ ಮೂರು ವಾರದಲ್ಲಿ ಆ ವಿಷಯ ಎಷ್ಟು ಸಲ ಮನಸ್ಸಿಗೆ ಬಂತು? ಬಂದಾಗ ಹೊಟ್ಟೆಯಲ್ಲಿ ಏನಾಯಿತು?

"ಫಲ ನನ್ನ ಕೈಯಲ್ಲಿಲ್ಲ" ಎಂದಿರಲ್ಲ, ಆ ಮಾತು ಬರುವ ಶ್ಲೋಕದ ಬಗ್ಗೆಯೂ ಒಂದು ಮಾತು. 2.47ಕ್ಕೆ ನಾಲ್ಕು ಪಾದ. ನಾವು ಮೊದಲೆರಡನ್ನು ಹೇಳಿ ನಿಲ್ಲಿಸುತ್ತೇವೆ. ನಾಲ್ಕನೆಯದು "ಮಾ ತೇ ಸಂಗೋಽಸ್ತ್ವಕರ್ಮಣಿ". ಏನೂ ಮಾಡದೆ ಇರುವುದಕ್ಕೂ ಅಂಟಿಕೊಳ್ಳಬೇಡ ಎಂದು. ಫಲಕ್ಕೆ ಅಂಟುವುದು ಎಷ್ಟು ಸಹಜವೋ ಸುಮ್ಮನಿರುವುದಕ್ಕೆ ಅಂಟುವುದೂ ಅಷ್ಟೇ ಸಹಜ. ಆ ಪಾದವನ್ನು ಯಾರೂ ಗೋಡೆಗೆ ಬರೆದು ಹಾಕುವುದಿಲ್ಲ, ನನಗೆ ಅದೇ ಬೇಜಾರು.

ರಾತ್ರಿ ಪಾಳಿ

ನಾನು ನರ್ಸ್. ಶಾಸ್ತ್ರ ಓದಿದ್ದು ಕಡಿಮೆ, ಅನುಭವದಿಂದ ಹೇಳುತ್ತೇನೆ.

ತುರ್ತು ವಾರ್ಡಿನಲ್ಲಿ ಒಬ್ಬರ ಉಸಿರು ನಿಲ್ಲುತ್ತಿರುವಾಗ ನಮ್ಮ ಕೈ ನಡುಗಬಾರದು. ಸುತ್ತ ಮನೆಯವರು ಅಳುತ್ತಿರುತ್ತಾರೆ. ಮೊದಲ ವರ್ಷ ನಾನು ಅವರ ಜೊತೆ ಅತ್ತುಬಿಡುತ್ತಿದ್ದೆ, ಕೆಲಸ ಕೆಡುತ್ತಿತ್ತು. ಆಮೇಲೆ ಕಲ್ಲಾಗುವುದನ್ನು ಅಭ್ಯಾಸ ಮಾಡಿದೆ. ಆಗ ಕೆಲಸ ಆಗುತ್ತಿತ್ತು, ಆದರೆ ಹಾಸಿಗೆಯಲ್ಲಿ ಮಲಗಿರುವುದು ಮನುಷ್ಯರು ಎನ್ನುವುದೇ ಮರೆಯುತ್ತಿತ್ತು. ಎರಡೂ ತಪ್ಪು ಎಂದು ತಿಳಿಯುವುದಕ್ಕೆ ವರ್ಷಗಳೇ ಬೇಕಾದವು.

ಈಗ ಹೀಗಾಗುತ್ತದೆ. ದುಃಖ ಬರುತ್ತದೆ, ಬಂತು ಎಂದು ಗೊತ್ತಾಗುತ್ತದೆ. ಅದು ಪಕ್ಕದಲ್ಲೇ ನಿಂತಿರುತ್ತದೆ, ಕೈ ತನ್ನ ಕೆಲಸ ಮಾಡುತ್ತದೆ. ಪಾಳಿ ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಳಿತು ಅಳುವುದೂ ಇದೆ. ಅಳು ಬಂದರೆ ಸಮಚಿತ್ತ ಹೋಯಿತು ಎಂದು ನಾನು ಒಪ್ಪುವುದಿಲ್ಲ.

ಮೌನಿ ಅವರೇ, ನಿಮ್ಮ ವಿಷಯದಲ್ಲಿ ನನಗೆ ಅನ್ನಿಸುವುದು ಇಷ್ಟು. ಸಮಾಧಾನ ಇದ್ದವರಿಗೆ ಕೇಳುವುದು ಸುಲಭ ಆಗಬೇಕು. ಉತ್ತರ ಏನೇ ಬಂದರೂ ತಡೆದುಕೊಳ್ಳುತ್ತೇನೆ ಎನ್ನುವವರು ಯಾಕೆ ಕೇಳಬಾರದು?

ಕಹಿಬೇವು

ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತಾಡುತ್ತಿದ್ದೀರಿ. ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಈ 'ಸಮಚಿತ್ತ' ಎನ್ನುವ ಮಾತು ಯಾವಾಗಲೂ ಯಾರಿಗೆ ಹೇಳಲಾಗುತ್ತದೆ ಗಮನಿಸಿದ್ದೀರಾ? ಕಳೆದುಕೊಂಡವರಿಗೆ. ಬಡ್ತಿ ಸಿಕ್ಕವರಿಗೆ ಯಾರೂ ಬಂದು "ಸಮಚಿತ್ತದಿಂದ ಇರು" ಎನ್ನುವುದಿಲ್ಲ. ನಮ್ಮ ಅಮ್ಮನಿಗೆ ಜೀವನಪೂರ್ತಿ ಹೇಳಿದ್ದು ಒಂದೇ: ಸಹಿಸ್ಕೋ, ಹೆಣ್ಣು ಭೂಮಿತಾಯಿ ಇದ್ದ ಹಾಗೆ. ಅವರು ಸಹಿಸಿಕೊಂಡರು. ಎಲ್ಲರೂ ಹೊಗಳಿದರು. ಅವರಿಗೆ ಏನು ಬೇಕಿತ್ತು ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳೋಣ ಎಂದರೆ ಅವರಿಲ್ಲ.

2.14ರಲ್ಲಿ "ತಾಂಸ್ತಿತಿಕ್ಷಸ್ವ", ಅವನ್ನು ಸಹಿಸು ಎಂದೇ ಇದೆಯಲ್ಲ? ಅನ್ಯಾಯ ಮಾಡುವವರಿಗೆ ಇದಕ್ಕಿಂತ ಅನುಕೂಲದ ಉಪದೇಶ ಇನ್ನೇನಿದೆ?

ಅರಳಿಮರ

ಕಹಿಬೇವು ಅವರೇ, ನಿಮ್ಮ ಅಮ್ಮನ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲೂ ಅದೇ ಕಥೆ. ಹಾಗಾಗಿ ವಾದಕ್ಕೆ ಬರೆಯುತ್ತಿಲ್ಲ.

2.14ರಲ್ಲಿ ಸಹಿಸು ಎಂದಿರುವುದು 'ಮಾತ್ರಾಸ್ಪರ್ಶ'ಗಳನ್ನು. ಇಂದ್ರಿಯಕ್ಕೆ ತಾಗುವ ಶೀತ ಉಷ್ಣ, ಅವುಗಳಿಂದ ಬರುವ ಸುಖ ದುಃಖ. ಬಂದು ಹೋಗುವಂಥವು. ಅನ್ಯಾಯವನ್ನು ಸಹಿಸು ಎಂದು ಅಲ್ಲಿ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ, ಯಾಕೆಂದರೆ ಅದೇ ಕೃಷ್ಣ ಅದಕ್ಕೆ ಮುಂಚೆ ಉದ್ಯೋಗಪರ್ವದಲ್ಲಿ ತಾನೇ ರಾಯಭಾರಿಯಾಗಿ ಹಸ್ತಿನಾಪುರಕ್ಕೆ ಹೋಗಿದ್ದಾನೆ. ಪಾಂಡವರು ಐದು ಊರಿಗೂ ಒಪ್ಪಲು ತಯಾರಿದ್ದರು. ಕೇಳಿ, ಮಾತಾಡಿ, ಎಲ್ಲ ದಾರಿ ಮುಗಿದ ಮೇಲೆ ಯುದ್ಧ. "ಬಿಡು, ಹಣೆಬರಹ" ಎಂದು ಅವರು ಕಾಡಿಗೆ ವಾಪಸ್ ಹೋಗಲಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಗೀತೆಯಲ್ಲಿ ಸಮ ಎಂಬ ಮಾತು ಎರಡು ದಿಕ್ಕಿಗೆ ಹೋಗುತ್ತದೆ. 2.38ರಲ್ಲಿ ಅದು ನನ್ನ ಸುಖ, ನನ್ನ ದುಃಖ, ನನ್ನ ಗೆಲುವು ಸೋಲಿನ ಬಗ್ಗೆ. ಆದರೆ 6.32ರಲ್ಲಿ ಬೇರೆಯವರ ಸುಖ ದುಃಖದ ಮಾತು ಬಂದಾಗ ಅಳತೆಯೇ ಬದಲಾಗುತ್ತದೆ. 'ಆತ್ಮೌಪಮ್ಯೇನ' ಎನ್ನುತ್ತಾನೆ. ತನಗೆ ಆದರೆ ಹೇಗೋ ಹಾಗೆ ಬೇರೆಯವರ ನೋವನ್ನೂ ನೋಡುವವನು ಶ್ರೇಷ್ಠ ಯೋಗಿ. ನನ್ನ ನೋವಿಗೆ ನಾನು ಸಮಚಿತ್ತ ತಂದುಕೊಳ್ಳಬಹುದು. ಇನ್ನೊಬ್ಬರ ನೋವಿನ ಎದುರು "ಸಮಚಿತ್ತದಿಂದ ಇರಿ" ಎಂದು ಉಪದೇಶ ಮಾಡಿದರೆ ನಾನು ಈ ಶ್ಲೋಕವನ್ನು ಮುರಿದ ಹಾಗೆ. ನಿಮ್ಮ ಅಮ್ಮನಿಗೆ ಆದದ್ದು ಅದು. ಅವರು ತಾವಾಗಿ ಆರಿಸಿಕೊಂಡಿದ್ದರೆ ಅದು ತಪಸ್ಸು ಆಗುತ್ತಿತ್ತು. ಬೇರೆಯವರು ಹೊರಿಸಿದ್ದರಿಂದ ಅದು ಹೊರೆ ಆಯಿತು.

ನಮ್ಮ ಕನ್ನಡವೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ ಅನ್ನಿಸುತ್ತದೆ. 'ಉದಾಸೀನ' ಎಂದರೆ ನಮಗೆ ಅಸಡ್ಡೆ. "ಜ್ವರ ಬಂದಿದೆ, ಉದಾಸೀನ ಮಾಡ್ಬೇಡ" ಎನ್ನುತ್ತೇವೆ. ಗೀತೆಯಲ್ಲಿ ಭಕ್ತನ ಲಕ್ಷಣವಾಗಿ ಬರುವ 'ಉದಾಸೀನ' (12.16) ಉತ್ ಮತ್ತು ಆಸೀನ ಸೇರಿದ ಪದ. ಸ್ವಲ್ಪ ಮೇಲೆ ಕುಳಿತವನು, ಎರಡು ಪಕ್ಷವನ್ನೂ ಕಾಣುವ ಜಾಗದಲ್ಲಿ ಇರುವವನು. 'ಉಪೇಕ್ಷೆ' ಕೂಡ ಹಾಗೆಯೇ. ಮೂಲದಲ್ಲಿ ನೋಡುವುದು ಎಂಬ ಅರ್ಥ ಇದೆ. ನಮ್ಮಲ್ಲಿ ನೋಡದೆ ಬಿಡುವುದು ಎಂದಾಗಿದೆ. 'ಪ್ರಾರಬ್ಧ' ಎನ್ನುವುದಂತೂ ಬೈಗುಳವೇ ಆಗಿದೆ. ಪದ ಇಷ್ಟು ಸವೆದ ಮೇಲೆ ಅರ್ಥ ಮಾಡಿಕೊಳ್ಳುವವರನ್ನು ಹೇಗೆ ದೂರುವುದು?

ಕಹಿಬೇವು

6.32ರ ಮಾತು ಗೊತ್ತಿರಲಿಲ್ಲ. "ಹೊರಿಸಿದ್ದರಿಂದ ಹೊರೆ" ಎನ್ನುವುದನ್ನು ಒಪ್ಪುತ್ತೇನೆ. ಆದರೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ತಾನೇ ಆರಿಸಿಕೊಂಡೆ ಎಂದು ಅಮ್ಮನೂ ಹೇಳುತ್ತಿದ್ದರು. ಬೇರೆ ಬಾಗಿಲೇ ಇಲ್ಲದ ಕೋಣೆಯಲ್ಲಿ ಇರುವುದನ್ನು ಆಯ್ಕೆ ಎನ್ನಬಹುದಾ?

ವಚನಪ್ರೀತಿ

ಆ ಪ್ರಶ್ನೆಗೆ ನನಗೆ ಅಕ್ಕಮಹಾದೇವಿ ನೆನಪಾಗುತ್ತಾರೆ. ವಚನಗಳ ದಾರಿ ಬೇರೆ ಎಂದು ಗೊತ್ತು, ಆದರೂ ಹೇಳುತ್ತೇನೆ. ಸ್ತುತಿ ನಿಂದೆ ಬಂದರೆ ಕೋಪ ತಾಳದೆ 'ಸಮಾಧಾನಿ'ಯಾಗಿರಬೇಕು ಎಂದವರು ಅವರು. ಎಷ್ಟು ಚೆಂದದ ಪದ ಅದು, ಸಮಾಧಾನಿ! ಆದರೆ ಆ ಮಾತು ಹೇಳಿದವರು ಯಾರು? 12ನೇ ಶತಮಾನದಲ್ಲಿ ಅರಮನೆ ಬಿಟ್ಟು, ಕೌಶಿಕನನ್ನು ಬಿಟ್ಟು, ಒಂಟಿಯಾಗಿ ನಡೆದುಹೋದ ಹೆಣ್ಣು ಎಂದು ಪರಂಪರೆ ಹೇಳುತ್ತದೆ. ಬಾಗಿಲು ಇಲ್ಲದ ಕಡೆ ಬಾಗಿಲು ಮಾಡಿಕೊಂಡವರು. ಅವರ ಸಮಾಧಾನ ಹೊರಟ ಮೇಲಿನದು. ಮನೆಯೊಳಗೆ ಕುಳಿತು ಸಹಿಸಿದ್ದಲ್ಲ.

ಎಲ್ಲರಿಗೂ ಹಾಗೆ ಹೊರಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಸಮಾಧಾನಿ ಎಂದರೆ ಹೊರಡದವರು ಎಂದು ಯಾರಾದರೂ ಹೇಳಿದರೆ ನಾನು ಅಕ್ಕನ ಹೆಸರು ಹೇಳುತ್ತೇನೆ.

ಮೌನಿ

ಎಲ್ಲರಿಗೂ ಧನ್ಯವಾದ. ಹಳೇ ಓದುಗರೇ, ನಿಮ್ಮ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ದಿನಕ್ಕೆ ಹತ್ತು ಸಲಕ್ಕಿಂತ ಜಾಸ್ತಿ ನೆನಪಾಗುತ್ತದೆ. ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ. ಆ ವ್ಯಕ್ತಿಯ ಜೊತೆ ಮನಸ್ಸಿನಲ್ಲೇ ಜಗಳ ಆಡುತ್ತೇನೆ. ಬರೆಯುವಾಗಲೂ ಎದೆ ಬಿಗಿಯುತ್ತಿದೆ. ಮಿಥ್ಯಾಚಾರ ಎಂಬ ಪದ ನೋಡಿ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಅದು ಸರಿ.

ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. 18.61ರಲ್ಲಿ ಈಶ್ವರ ಎಲ್ಲರ ಹೃದಯದಲ್ಲಿ ಕುಳಿತು, ಯಂತ್ರಕ್ಕೆ ಏರಿಸಿದ ಹಾಗೆ ತಿರುಗಿಸುತ್ತಾನೆ ಎಂದಿದೆ. 3.27ರಲ್ಲಿ ಎಲ್ಲ ಕರ್ಮವನ್ನೂ ಪ್ರಕೃತಿಯ ಗುಣಗಳೇ ಮಾಡುತ್ತವೆ ಎಂದಿದೆ. ಹಾಗಾದರೆ ಕೇಳದೆ ಇದ್ದದ್ದೂ ನಾನಲ್ಲ, ಕೇಳುವುದೂ ನಾನಲ್ಲ. ಇದನ್ನು ಓದಿದಾಗ ಒಂದು ಕಡೆ ನಿರಾಳ, ಇನ್ನೊಂದು ಕಡೆ ಏನೋ ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬ ಭಾವನೆ.

ದಾಸರ ಮನೆ

ನಮ್ಮ ಮನೆಯಲ್ಲಿ ಮಧ್ವಾಚಾರ್ಯರ ಸಿದ್ಧಾಂತ. ಎಲ್ಲವೂ ಹರಿಯ ಅಧೀನ ಎಂದು ಇಷ್ಟು ಬಲವಾಗಿ ಹೇಳುವ ದರ್ಶನ ಇನ್ನೊಂದಿಲ್ಲ. ಸ್ವತಂತ್ರ ಒಂದೇ, ಉಳಿದದ್ದೆಲ್ಲ ಪರತಂತ್ರ. ಹಾಗಿದ್ದೂ ನಮ್ಮಲ್ಲಿ ಜೀವ ಕರ್ತೃ, ಅಂದರೆ ಮಾಡುವವನು, ಅಲ್ಲ ಎಂದು ಹೇಳುವುದಿಲ್ಲ. ಜೀವನಿಗೆ ಕರ್ತೃತ್ವ ಇದೆ, ಅದು ಪರಾಧೀನ ಅಷ್ಟೇ.

ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ "ಕರ್ತಾ ಶಾಸ್ತ್ರಾರ್ಥವತ್ತ್ವಾತ್" ಎಂದು ಒಂದು ಸೂತ್ರ. ಜೀವ ಕರ್ತೃ ಆಗಿರಲೇಬೇಕು, ಇಲ್ಲದಿದ್ದರೆ ಶಾಸ್ತ್ರಕ್ಕೆ ಅರ್ಥವೇ ಇಲ್ಲ. ಇದು ಮಾಡು, ಇದು ಮಾಡಬೇಡ ಎಂದು ಕಲ್ಲಿಗೆ ಯಾರು ಹೇಳುತ್ತಾರೆ? ಸ್ವಲ್ಪ ಮುಂದೆ ಬಡಗಿಯ ಸೂತ್ರ ಬರುತ್ತದೆ. ಶಂಕರಾಚಾರ್ಯರು ಅದನ್ನು ಹೀಗೆ ಓದುತ್ತಾರೆ: ಬಡಗಿ ಉಳಿ ಹಿಡಿದಾಗ ಕೆಲಸಗಾರ, ದಣಿಯುತ್ತಾನೆ. ಉಳಿ ಕೆಳಗಿಟ್ಟು ಮನೆಗೆ ಬಂದರೆ ನೆಮ್ಮದಿ. ಆತ್ಮವೂ ಹಾಗೆ, ದೇಹ ಮನಸ್ಸು ಎಂಬ ಉಪಾಧಿ ಇದ್ದಾಗ ಕರ್ತೃ. ನಮ್ಮ ಆಚಾರ್ಯರು ಅದೇ ಬಡಗಿಯನ್ನು ಬೇರೆ ಥರ ನೋಡುತ್ತಾರೆ. ಕೆಲಸ ಮಾಡಿಸುವ ಯಜಮಾನ ಇದ್ದಾನೆ, ಆದರೂ ಮರ ಕೆತ್ತುವವನು ಬಡಗಿಯೇ. ಎರಡೂ ನಿಜ.

ಆಮೇಲೆ ಬರುವ ಇನ್ನೊಂದು ಸೂತ್ರ ಇನ್ನೂ ಮುಖ್ಯ. 'ಕೃತಪ್ರಯತ್ನಾಪೇಕ್ಷಸ್ತು'. ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡೇ ಭಗವಂತ ನಡೆಸುತ್ತಾನೆ. ಶಂಕರರು ಇಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ, ಮಳೆ ಇಲ್ಲದೆ ಯಾವುದೂ ಮೊಳೆಯುವುದಿಲ್ಲ. ಆದರೆ ಯಾವ ಗಿಡ ಬರಬೇಕು ಎನ್ನುವುದು ಬೀಜದ ಮೇಲೆ. ಸಿದ್ಧಾಂತದಲ್ಲಿ ಅಷ್ಟು ಭಿನ್ನ ಇದ್ದವರು ಇಲ್ಲಿ ಒಂದು ಮಾತಿಗೆ ಬರುತ್ತಾರೆ. ಪ್ರಯತ್ನ ಬಿಡು ಎಂದು ಇಬ್ಬರೂ ಹೇಳಲಿಲ್ಲ.

ಹಳೇ ಓದುಗ

ದಾಸರ ಮನೆ ಅವರು ಚೆನ್ನಾಗಿ ಹೇಳಿದರು. ನಾನು ಬೇರೆ ಕಡೆಯಿಂದ ಬರುತ್ತೇನೆ.

ಮೌನಿ ಅವರೇ, ನಿಮ್ಮ "ತಪ್ಪಿಸಿಕೊಳ್ಳುತ್ತಿದ್ದೇನೆ ಎಂಬ ಭಾವನೆ" ಹಳೆಯದು. ದುರ್ಯೋಧನನ ಬಾಯಲ್ಲಿ ಒಂದು ಶ್ಲೋಕ ಹೇಳಿಸುತ್ತಾರೆ. ಮೂಲ ಭಾರತದ ಯುದ್ಧದ ಕಥೆಯಲ್ಲಿ ಬರುವುದಲ್ಲ, ಪಾಂಡವಗೀತೆ ಎಂಬ ಸ್ತೋತ್ರದ್ದು. "ಜಾನಾಮಿ ಧರ್ಮಂ ನ ಚ ಮೇ ಪ್ರವೃತ್ತಿಃ". ಧರ್ಮ ಗೊತ್ತು, ಆದರೆ ಮನಸ್ಸು ಅತ್ತ ಹೋಗುವುದಿಲ್ಲ. ಅಧರ್ಮ ಗೊತ್ತು, ಬಿಡಲು ಆಗುವುದಿಲ್ಲ. ಹೃದಯದಲ್ಲಿ ಯಾವುದೋ ದೇವರು ಕುಳಿತಿದ್ದಾನೆ, ಅವನು ನಡೆಸಿದ ಹಾಗೆ ಮಾಡುತ್ತೇನೆ. 18.61ರ ಮಾತೇ ಅಲ್ವಾ?

ಈಗ ಅರ್ಜುನನನ್ನು ನೋಡಿ. 3.36ರಲ್ಲಿ ಅವನಿಗೂ ಅದೇ ಅನುಭವ. "ಇಷ್ಟ ಇಲ್ಲದಿದ್ದರೂ ಬಲವಂತವಾಗಿ ಯಾರೋ ತಳ್ಳಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ಯಾವುದರಿಂದ?" ಎನ್ನುತ್ತಾನೆ. ದುರ್ಯೋಧನ ಅದನ್ನು ತೀರ್ಪಿನ ಹಾಗೆ ಹೇಳಿ ಮುಗಿಸುತ್ತಾನೆ. ಅರ್ಜುನ ಪ್ರಶ್ನೆ ಮಾಡಿ ಇನ್ನೊಬ್ಬರ ಮುಂದೆ ಇಡುತ್ತಾನೆ. ಅವನು ಕೇಳಿದ್ದರಿಂದಲೇ ಉತ್ತರ ಬಂತು. ಕಾಮ, ಕ್ರೋಧ, ಅವು ಕುಳಿತಿರುವ ಜಾಗ ಇಂಥದ್ದು, ಹೀಗೆ ಹಿಡಿ ಎಂದು. ನೀವೂ ಇಲ್ಲಿಗೆ ಬಂದು ಕೇಳಿದಿರಲ್ಲ, ಅದನ್ನು ಸಣ್ಣದು ಎಂದುಕೊಳ್ಳಬೇಡಿ.

18.61ಕ್ಕೆ ಬರೋಣ. ಅದನ್ನು ಅಲ್ಲೇ ನಿಲ್ಲಿಸಿ ಓದಿದರೆ ಉಸಿರು ಕಟ್ಟುತ್ತದೆ. ಎರಡು ಶ್ಲೋಕ ಮುಂದೆ ಹೋಗಿ. 18.63ರಲ್ಲಿ ಕೃಷ್ಣ "ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು" ಎನ್ನುತ್ತಾನೆ. ಇದನ್ನೆಲ್ಲ ಪೂರ್ತಿ ವಿಚಾರ ಮಾಡಿ, ನಿನಗೆ ಹೇಗೆ ಇಷ್ಟವೋ ಹಾಗೆ ಮಾಡು. ಏಳುನೂರು ಶ್ಲೋಕದ ಮಾತು ಮುಗಿಯುತ್ತಾ ಬಂದಿದೆ, ಎದುರಿಗೆ ಸೈನ್ಯ ನಿಂತಿದೆ, ಹೇಳುತ್ತಿರುವವನು ವಿಶ್ವರೂಪ ತೋರಿಸಿದವನು. ಅವನು ಆಜ್ಞೆ ಮಾಡಬಹುದಿತ್ತು. ಮಾಡಲಿಲ್ಲ. ನನಗೆ ಗೀತೆಯಲ್ಲಿ ಅತಿ ಹೆಚ್ಚು ಪ್ರೀತಿಯ ಸಾಲು ಇದೇ.

ಇದರ ಜೊತೆಗೆ ಇನ್ನೆರಡು ಸಾಲು ಇಟ್ಟು ನೋಡಿ. ನಾನು ಇದನ್ನು ಗಮನಿಸಿದ್ದು ಬಹಳ ತಡವಾಗಿ. 2.38ರಲ್ಲಿ "ಸುಖದುಃಖೇ ಸಮೇ ಕೃತ್ವಾ". ಕೃತ್ವಾ ಎಂದರೆ ಮಾಡಿಕೊಂಡು. ಸುಖ ದುಃಖ ತಾವಾಗಿ ಸಮ ಆಗಿರುವುದಿಲ್ಲ, ನೀನು ಸಮ ಮಾಡಿಕೊಳ್ಳಬೇಕು. ಹಾಗಾಗಿ ಸಮಚಿತ್ತವೇ ಒಂದು ಆಯ್ಕೆ. ಹತ್ತು ಶ್ಲೋಕ ಆದ ಮೇಲೆ 2.48ರಲ್ಲಿ 'ಸಮೋ ಭೂತ್ವಾ', ಸಮನಾಗಿ. ಮೊದಲು ಮಾಡಿಕೊಳ್ಳುವುದು, ಮಾಡುತ್ತಾ ಮಾಡುತ್ತಾ ಆಗುವುದು. ಕೊನೆಗೆ 18ರಲ್ಲಿ 'ವಿಮೃಶ್ಯ', ವಿಚಾರ ಮಾಡಿ. ಮೂರು ಕಡೆಯೂ ಕ್ರಿಯೆ ಪೂರ್ತಿ ಆಗಿಲ್ಲ ನೋಡಿ. ಮಾಡಿಕೊಂಡು, ಆಗಿ, ವಿಚಾರ ಮಾಡಿ. ಪೂರ್ತಿ ಆಗಲು ಇನ್ನೊಂದು ಕ್ರಿಯಾಪದ ಬೇಕು. ಆ ಕ್ರಿಯಾಪದ ಏನು? ಮೊದಲನೆಯದರಲ್ಲಿ 'ಯುಜ್ಯಸ್ವ', ಯುದ್ಧಕ್ಕೆ ತೊಡಗು. ಉಳಿದ ಎರಡರಲ್ಲೂ 'ಕುರು', ಮಾಡು. ಸಮಚಿತ್ತ ಒಂದರಿಂದಲೇ ಅಲ್ಲಿ ವಾಕ್ಯ ಪೂರ್ತಿ ಆಗುವುದಿಲ್ಲ.

ನೀವು ಮಾಡಿದ್ದು ಏನೆಂದರೆ, 'ಸಮೇ ಕೃತ್ವಾ' ಎಂದು ಹೇಳಿ ಪುಸ್ತಕ ಮುಚ್ಚಿದಿರಿ.

ಅರಳಿಮರ

ಇದನ್ನು ಓದಿ ಎದ್ದು ಹೋಗಿ ಪುಸ್ತಕ ತೆಗೆದು ನೋಡಿದೆ. ಹೌದು, ಹಾಗೇ ಇದೆ. ಇಷ್ಟು ವರ್ಷ ಪಾರಾಯಣ ಮಾಡಿಯೂ ಕಾಣಲಿಲ್ಲ.

ಒಂದು ಸೇರಿಸುತ್ತೇನೆ. ಗೀತೆ ಮುಗಿದ ಕೂಡಲೇ ಭೀಷ್ಮಪರ್ವದಲ್ಲಿ ಏನಾಗುತ್ತದೆ ಗೊತ್ತಾ? ಧರ್ಮರಾಯ ಕವಚ ಕಳಚಿ, ಆಯುಧ ಕೆಳಗಿಟ್ಟು, ಭೀಷ್ಮರ ಹತ್ತಿರ ನಡೆದು ಹೋಗುತ್ತಾನೆ, ಆಶೀರ್ವಾದ ಕೇಳಲು. ಭೀಷ್ಮರು ಆಗ ಹೇಳುವ ಮಾತು ಕರುಳು ಹಿಂಡುತ್ತದೆ. "ಮನುಷ್ಯ ಅರ್ಥಕ್ಕೆ ದಾಸ, ನಾನು ಕೌರವರಿಗೆ ಅದರಿಂದ ಕಟ್ಟುಬಿದ್ದಿದ್ದೇನೆ" ಎನ್ನುತ್ತಾರೆ. ಅವರಿಗಿಂತ ತಿಳಿದವರು ಆ ರಣರಂಗದಲ್ಲಿ ಯಾರಿದ್ದರು?

ಅದೇ ಹೊತ್ತಿನಲ್ಲಿ ಧರ್ಮರಾಯ ಎರಡು ಸೈನ್ಯದ ನಡುವೆ ನಿಂತು, ನಮ್ಮ ಕಡೆ ಬರುವವರು ಯಾರಾದರೂ ಇದ್ದೀರಾ ಎಂದು ಕೂಗುತ್ತಾನೆ. ಒಬ್ಬನೇ ಬರುತ್ತಾನೆ. ಯುಯುತ್ಸು. ಧೃತರಾಷ್ಟ್ರನ ಮಗ, ವೈಶ್ಯ ಸ್ತ್ರೀಯಲ್ಲಿ ಹುಟ್ಟಿದವನು. ಅವನಿಗೆ ಯಾರೂ ಗೀತೆ ಹೇಳಿರಲಿಲ್ಲ. ಕಹಿಬೇವು ಅವರು ಬಾಗಿಲಿಲ್ಲದ ಕೋಣೆ ಎಂದರಲ್ಲ, ಭೀಷ್ಮ, ಯುಯುತ್ಸು ಇಬ್ಬರೂ ಇದ್ದದ್ದು ಒಂದೇ ಕೋಣೆಯಲ್ಲಿ. ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಬಹಳ ಸಲ ಯೋಚಿಸಿದ್ದೇನೆ.

ಕಹಿಬೇವು

ಯುಯುತ್ಸುವಿನ ಹೆಸರು ಇವತ್ತೇ ಸರಿಯಾಗಿ ಕೇಳಿದ್ದು. ಅವನ ಬಗ್ಗೆ ಯಾಕೆ ಯಾರೂ ಹೇಳುವುದಿಲ್ಲ?

ಮೊಳಕೆ

ನಾನು ಓದುತ್ತಿರುವ ಹುಡುಗಿ, ದೊಡ್ಡವರ ನಡುವೆ ಬಾಯಿ ಹಾಕುತ್ತಿದ್ದೇನೆ. ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಸಿಟ್ಟು ಬಂದಾಗ ಒಂದು ಕ್ಷಣವೂ ಸಿಗುವುದಿಲ್ಲ. ಮಾತು ಆಡಿಬಿಟ್ಟಿರುತ್ತೇನೆ, ಆಮೇಲೆ ಶ್ಲೋಕ ನೆನಪಾಗುತ್ತದೆ. ಆಯ್ಕೆ ಎಲ್ಲಿದೆ ಅಲ್ಲಿ?

ಅರಳಿಮರ

ಮೊಳಕೆ ಪುಟ್ಟಿ, ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು. ಇದು ನಮಗೆಲ್ಲರಿಗೂ ಇರುವ ಕಷ್ಟ.

3.34 ನೋಡು. ಪ್ರತಿ ಇಂದ್ರಿಯಕ್ಕೂ ಅದರ ವಿಷಯದಲ್ಲಿ ರಾಗ ದ್ವೇಷ ಇದ್ದೇ ಇದೆ ಎನ್ನುತ್ತಾನೆ. ಬರಬಾರದು ಎನ್ನುವುದಿಲ್ಲ. ಅವುಗಳ ವಶಕ್ಕೆ ಹೋಗಬೇಡ ಎನ್ನುತ್ತಾನೆ, ಅಷ್ಟೇ. ಹಾಗಾಗಿ ಸಿಟ್ಟು ಬಂತು ಎಂದು ನಿನ್ನ ಮೇಲೆ ನೀನು ಸಿಟ್ಟಾಗಬೇಡ.

ಸಿಟ್ಟಿನ ಹೊತ್ತಿನಲ್ಲಿ ಆಯ್ಕೆ ಕಡಿಮೆ, ನಿಜ. ಅದು ಇರುವುದು ಬೇರೆ ಹೊತ್ತಿನಲ್ಲಿ. ಯೋಗಸೂತ್ರಕ್ಕೆ ವ್ಯಾಸರ ಭಾಷ್ಯದಲ್ಲಿ ಚಿತ್ತವನ್ನು ನದಿ ಎಂದಿದ್ದಾರೆ. ಎರಡೂ ಕಡೆಗೆ ಹರಿಯುವ ನದಿ, ಒಳ್ಳೆಯದರ ಕಡೆಗೂ ಕೆಟ್ಟದ್ದರ ಕಡೆಗೂ. ವೈರಾಗ್ಯದಿಂದ ಒಂದು ಕಡೆ ಕಟ್ಟೆ ಹಾಕಬೇಕು, ಅಭ್ಯಾಸದಿಂದ ಇನ್ನೊಂದು ಕಡೆ ತೋಡು ತೆಗೆಯಬೇಕು. ಪ್ರವಾಹ ಬಂದಾಗ ಯಾರೂ ತೋಡು ತೆಗೆಯಲು ಆಗುವುದಿಲ್ಲ. ಬೇಸಿಗೆಯಲ್ಲಿ ತೆಗೆದಿರಬೇಕು. ಮನಸ್ಸು ಶಾಂತ ಇರುವಾಗ ದಿನಾ ಸ್ವಲ್ಪ ಹೊತ್ತು ಕುಳಿತು, ಅದು ಓಡಿದಾಗಲೆಲ್ಲ ವಾಪಸ್ ತರುವುದೇ ಆ ಕೆಲಸ. ಓಡುತ್ತದೆ. ತರಬೇಕು. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದ ಹಾಗೆ ಎಂದು ಅರ್ಜುನನೂ ದೂರಿದ್ದಾನೆ. ಕಷ್ಟ ನಿಜ ಎಂದು ಒಪ್ಪಿಕೊಂಡೇ ಕೃಷ್ಣ ಅಭ್ಯಾಸದ ಮಾತು ಹೇಳುತ್ತಾನೆ (6.35).

ಇನ್ನೊಂದು ಉದಾಹರಣೆ. ಗಾಂಧೀಜಿಯವರ ಆಶ್ರಮದ ಸಂಜೆ ಪ್ರಾರ್ಥನೆಯಲ್ಲಿ ಸ್ಥಿತಪ್ರಜ್ಞನ 19 ಶ್ಲೋಕ ಹೇಳುತ್ತಿದ್ದರು, ಎರಡನೇ ಅಧ್ಯಾಯದ ಕೊನೆಯವು. ದಿನಾ. 1930ರಲ್ಲಿ ಉಪ್ಪಿಗಾಗಿ ಸಾಬರಮತಿಯಿಂದ ದಂಡಿಗೆ ಹೊರಟದ್ದೂ ಆ ಪ್ರಾರ್ಥನೆ ಮಾಡುತ್ತಿದ್ದವರೇ. ಆ ಶ್ಲೋಕಗಳು ಅವರನ್ನು ಮನೆಯಲ್ಲಿ ಕೂರಿಸಲಿಲ್ಲ.

ರಾತ್ರಿ ಪಾಳಿ

ಮೊಳಕೆ, ಮಾತು ಆಡಿದ ಮೇಲೆ ನೆನಪಾಗುತ್ತದೆ ಎಂದೆಯಲ್ಲ, ನನಗೂ ಮೊದಲು ಮನೆಗೆ ಹೋದ ಮೇಲೆ ನೆನಪಾಗುತ್ತಿತ್ತು. ಆಮೇಲೆ ಪಾಳಿ ಮುಗಿಯುವಾಗ. ಆಮೇಲೆ ಮಾತಿನ ನಡುವೆ. ಹತ್ತಿರ ಹತ್ತಿರ ಬರುತ್ತದೆ, ನೋಡುತ್ತಿರು.

ದಾಸರ ಮನೆ

ಯೋಗವಾಸಿಷ್ಠ ಎಂಬ ಗ್ರಂಥದಲ್ಲಿ ಇದಕ್ಕೆ ಹೊಂದುವ ಮಾತಿದೆ. ಬೇಸರ ಹತ್ತಿ ಕುಳಿತ ರಾಮನಿಗೆ ವಸಿಷ್ಠರು ಹೇಳುವುದು. ದೈವ ಎಂದರೆ ಹಿಂದೆ ನೀನೇ ಮಾಡಿದ ಪ್ರಯತ್ನ, ಬೇರೇನೂ ಅಲ್ಲ. ಹಿಂದಿನದು ಮತ್ತು ಇಂದಿನದು ಎರಡು ಟಗರುಗಳ ಹಾಗೆ ಹಾಯುತ್ತವೆ, ಬಲ ಇದ್ದದ್ದು ಗೆಲ್ಲುತ್ತದೆ. ನಮ್ಮ ಸಂಪ್ರದಾಯದವರು ಇದನ್ನು ಪೂರ್ತಿ ಒಪ್ಪುವುದಿಲ್ಲ, ಭಗವಂತನನ್ನು ಬಿಟ್ಟು ದೈವವನ್ನು ವಿವರಿಸಿದ ಹಾಗಾಗುತ್ತದೆ ಎಂದು. ನನಗೆ ಮಾತ್ರ ಕಷ್ಟದ ದಿನಗಳಲ್ಲಿ ಆ ಟಗರು ಬಹಳ ಸಹಾಯ ಮಾಡಿದೆ.

ಮೌನಿ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಏನಾಯಿತು ಎಂದು ಹೇಳದೆ ಹೋದರೆ ತಪ್ಪಾಗುತ್ತದೆ.

ಮೊದಲ ವಾರ ಏನೂ ಮಾಡಲಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಕುಳಿತೆ. ಜಗಳ ಮನಸ್ಸಿನಲ್ಲಿ ಬರುತ್ತಿತ್ತು, ಬಂತು ಎಂದು ನೋಡಿದೆ. ಒಂದು ದಿನ ಹೊಳೆಯಿತು. ನನಗೆ ಬೇಕಿದ್ದದ್ದು ಬಡ್ತಿಯೋ, ಅಥವಾ ಆ ವ್ಯಕ್ತಿ ನನ್ನ ಮುಂದೆ ತಲೆ ತಗ್ಗಿಸುವುದೋ? ಎರಡನೆಯದು ಇಷ್ಟು ದೊಡ್ಡದಾಗಿ ಒಳಗೆ ಕುಳಿತಿತ್ತು, ನನಗೇ ಗೊತ್ತಿರಲಿಲ್ಲ. ಅದಕ್ಕೇ ಕೇಳಲು ಹೆದರಿಕೆ. ಕೇಳಿದರೆ ಜಗಳ ಆಗಿಬಿಡುತ್ತದೆ ಎಂದು ನನ್ನೊಳಗೆ ಮೊದಲೇ ಗೊತ್ತಿತ್ತು.

ಅದು ಸ್ವಲ್ಪ ಇಳಿಯುವ ತನಕ ಕಾದೆ. ಪೂರ್ತಿ ಇಳಿಯಲಿಲ್ಲ. ಆಮೇಲೆ ಒಂದು ಪುಟದ ಪತ್ರ ಬರೆದೆ. ಯಾವ ಆಧಾರದ ಮೇಲೆ ನಿರ್ಧಾರ ಆಯಿತು, ನನ್ನಲ್ಲಿ ಏನು ಕೊರತೆ ಎಂದು ತಿಳಿಸಿ ಎಂದಷ್ಟೇ. ಹೆಂಡತಿಗೆ ಓದಿ ಹೇಳಿದೆ. ಅವಳು ಎರಡು ಸಾಲು ಹೊಡೆದು ಹಾಕಿದಳು, ಅವೆರಡರಲ್ಲೂ ಚುಚ್ಚುವಿಕೆ ಇತ್ತು.

ನಿನ್ನೆ ಕೊಟ್ಟೆ. ಬಾಗಿಲ ಹೊರಗೆ ನಿಂತಾಗ ಕೈ ನಡುಗುತ್ತಿತ್ತು, ಬಾಯಿ ಒಣಗಿತ್ತು. ಹಳೇ ಓದುಗರು ಬರೆದ ಅರ್ಜುನ ನೆನಪಾದ. ನಡುಕ ನಿಲ್ಲಲಿ, ಆಮೇಲೆ ಹೋಗೋಣ ಎಂದು ಒಂದು ನಿಮಿಷ ಯೋಚಿಸಿದೆ. ನಿಲ್ಲಲಿಲ್ಲ. ಹಾಗೇ ಒಳಗೆ ಹೋದೆ.

ಉತ್ತರ ಇನ್ನೂ ಬಂದಿಲ್ಲ. ದೊಡ್ಡಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಒಂದು ಸಲ ಹೀಗೆ ಆಗಿತ್ತು ಮಗಾ, ನಾನು ಕೇಳಲಿಲ್ಲ" ಎಂದರು. 40 ವರ್ಷದ ಹಿಂದಿನ ಮಾತಂತೆ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬಾ, ಕೂತು ಮಾತಾಡೋಣ ಎಂದಿದ್ದಾರೆ. ಹೋಗುತ್ತಿದ್ದೇನೆ.